ಬ್ಯಾಂಕ್ ಸಾಲದ ಜಗಳದ ಬಗ್ಗೆ ಗುಂಪಿನೋರಿಗೆ

ಎಲ್ರಿಗೂ ನಮಸ್ಕಾರ, "ನಿಮ್ ಪಾರ್ಟಿನೇ ಬ್ಯಾಂಕ್ ಲೂಟಿ ಮಾಡ್ಸಿದ್ದು" ಅಂತ ಕಿತ್ತಾಡೋದು ಸ್ವಲ್ಪ ನಿಲ್ಸಿ ಪ್ಲೀಸ್. ಬ್ಯಾಂಕ್ ಸಾಲ ಬಾಕಿ ಉಳಿಸ್ಕೊಂಡ ಉದ್ಯಮಿ ವಿಜಯ್ ಮಲ್ಯನ್ನ ರಾಜ್ಯಸಭೆಗೆ ಕಳ್ಸಿದ್ದು ನಮ್ ಕರ್ನಾಟಕನೇ, 2002ರಲ್ಲಿ ಕಾಂಗ್ರೆಸ್ಸು ಜೆಡಿಎಸ್ಸು ಸಪೋರ್ಟು, 2010ರಲ್ಲಿ ಜೆಡಿಎಸ್ಸು ಬಿಜೆಪಿ, ಮೂರೂ ಪಾರ್ಟಿ ಬಂತಲ್ಲಪ್ಪ ಇನ್ಯಾರನ್ನ ಬೈತೀರ! ಸ್ವಂತ ಏರ್‌ಲೈನ್ಸ್ ಇಟ್ಕೊಂಡು ವಿಮಾನಯಾನದ ಸಂಸದೀಯ ಸಮಿತಿಲೂ ಕೂತಿದ್ರು. ಆ ಕಿಂಗ್‌ಫಿಷರ್ ಏರ್‌ಲೈನ್ಸ್ ನಿಂತಿದ್ದು 2012ರಲ್ಲಿ, ಮಲ್ಯ ಲಂಡನ್‌ಗೆ ಹೋಗಿದ್ದು 2016 ಮಾರ್ಚಲ್ಲಿ, ಆಗ್ಲೂ ಎಂಪಿನೇ, ಬ್ಯಾಂಕ್‌ಗಳಿಗೆ ಬಾಕಿ ಬಡ್ಡಿ ಸೇರಿ ಸುಮಾರು 9000 ಕೋಟಿ. ಆಮೇಲೆ ಆಸ್ತಿಯಿಂದ 14 ಸಾವಿರ ಕೋಟಿ ಬ್ಯಾಂಕ್‌ಗಳಿಗೆ ವಾಪಸ್ ಬಂದಿದೆ ಅಂತ 2024 ಡಿಸೆಂಬರಲ್ಲಿ ಹಣಕಾಸು ಸಚಿವರೇ ಲೋಕಸಭೇಲಿ ಹೇಳಿದಾರೆ, ಅದನ್ನೂ ಹೇಳ್ಬೇಕು. ಆದ್ರೆ ನಮ್ಮಂಥೋರು ಎರಡು ಕಂತು ತಪ್ಪಿಸಿದ್ರೆ ಮನೆ ಬಾಗಿಲಿಗೇ ಬರ್ತಾರೆ, ಸಿಟ್ಟು ಬರದೇ ಇರುತ್ತಾ?

ಇನ್ನು ಎಲೆಕ್ಟೋರಲ್ ಬಾಂಡು, ಅಂದ್ರೆ ಹೆಸರು ಹೊರಗೆ ಬರ್ದಂಗೆ ಪಾರ್ಟಿಗಳಿಗೆ ದೇಣಿಗೆ ಕೊಡೋಕೆ ಎಸ್‌ಬಿಐ ಮಾರ್ತಿದ್ದ ಬಾಂಡು. 2024 ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡ್ತು, ಲೆಕ್ಕ ಕೊಡೋಕೆ ಎಸ್‌ಬಿಐ ಜೂನ್ 30ರ ತನಕ ಟೈಮ್ ಕೇಳ್ತು (ಅಷ್ಟೊತ್ತಿಗೆ ಲೋಕಸಭಾ ಎಲೆಕ್ಷನ್ನೇ ಮುಗ್ದಿರ್ತಿತ್ತು), ಮಾರ್ಚ್ 11ಕ್ಕೆ ಕೋರ್ಟ್ ಆಗಲ್ಲ ಅಂದಿದ್ದೇ ಮರುದಿನ ಪಟ್ಟಿ ರೆಡಿ! ಯಾವ ಕಂಪನಿ ಎಷ್ಟು ಬಾಂಡ್ ತಗೊಂಡ್ತು, ಯಾವ ಪಾರ್ಟಿಗೆ ಎಷ್ಟು ಬಂತು ಅನ್ನೋ ಪಟ್ಟಿ ಚುನಾವಣಾ ಆಯೋಗ ಹಾಕಿದೆ. ವಾದ ಮಾಡೋರು ಅದನ್ನ ನೋಡಿ ಮಾಡಿ, ಮೂಲ ಇಲ್ದಿರೋ ಫಾರ್ವರ್ಡ್ ಇವತ್ತಿಂದ ಡಿಲೀಟ್ ಮಾಡ್ತೀನಿ.