ಪುಟ್ಟ ದ್ವೀಪ, ದೊಡ್ಡ ಪರ್ಸೆಂಟ್

ಮಾನ್ಯ ಸಂಪಾದಕರೆ,

ಯಾವ ದೇಶದಲ್ಲಿ ಎಷ್ಟು ಕಾಡಿದೆ, ಹತ್ತಿಪ್ಪತ್ತು ವರ್ಷಗಳಲ್ಲಿ ಎಷ್ಟು ಕರಗಿತು ಎಂಬ ಪಟ್ಟಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ದೊಡ್ಡ ದೇಶಗಳ ಮಟ್ಟಿಗೆ ಅವು ಹೇಗೋ ನಡೆದುಹೋಗುತ್ತವೆ. ಅದೇ ಪಟ್ಟಿಗೆ ಪುಟ್ಟ ದ್ವೀಪಗಳನ್ನೂ ತಂದು ಸೇರಿಸಿದರೆ ಲೆಕ್ಕ ಹಳಿ ತಪ್ಪುತ್ತದೆ.

ಹಳೆಯ ಕಾಡನ್ನು ಇಂದಿನದರ ಜೊತೆ ಹೋಲಿಸಲು ಹೊರಟವರು ಸಾಮಾನ್ಯವಾಗಿ ಹುಡುಕಿಕೊಂಡು ಹೋಗುವುದು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು. 1972ರಿಂದ ಅವು ಲಭ್ಯ, 2008ರಿಂದ ಉಚಿತ ಕೂಡ. ಅದರ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 30 ಮೀಟರ್ ಉದ್ದಗಲದ ಚೌಕ. 10 ಹೆಕ್ಟೇರಿನ ದ್ವೀಪಕ್ಕೆ ದಕ್ಕುವುದು ಸುಮಾರು 111 ಚೌಕ, ಅಷ್ಟೇ. ದ್ವೀಪ ದುಂಡಗಿದ್ದರೂ ನಲವತ್ತಕ್ಕೂ ಹೆಚ್ಚು ಚೌಕಗಳು ದಡದ ಗೆರೆಯ ಮೇಲೇ ಬೀಳುತ್ತವೆ: ಒಂದಷ್ಟು ಮರ, ಒಂದಷ್ಟು ಮರಳು, ಮಿಕ್ಕಿದ್ದು ನೀರು. ಹವಳದ ದ್ವೀಪಗಳಂತೂ ಎಷ್ಟೋ ಕಡೆ ಕಿರಿದಾದ ಪಟ್ಟಿಗಳು. ಅಲ್ಲಿ ದಡ ಬಿಟ್ಟರೆ ಒಳಗೆ ಉಳಿಯುವುದೇ ಕಡಿಮೆ. ಒಂದು ಚಿತ್ರ ಭರತದಲ್ಲಿ, ಇನ್ನೊಂದು ಇಳಿತದಲ್ಲಿ ತೆಗೆದದ್ದಾದರೆ ಮರ ನಿಂತಲ್ಲೇ ನಿಂತಿದ್ದರೂ ಅಂಕಿ ಬದಲಾಗಬಹುದು. ಎಪ್ಪತ್ತರ ದಶಕದ ಚಿತ್ರಗಳ ಪಿಕ್ಸೆಲ್ ಇನ್ನೂ ಒರಟು ಎಂಬುದನ್ನು ಎಷ್ಟು ಜನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ!

ಇನ್ನು, ಕಾಡು ಎಂದರೆ ಯಾವುದು? ಭಾರತದ 2021ರ ಅರಣ್ಯ ಸ್ಥಿತಿಗತಿ ವರದಿಯಲ್ಲಿ ಶೇಕಡಾವಾರು ಲೆಕ್ಕದಲ್ಲಿ ಮೊದಲ ಸ್ಥಾನ ಲಕ್ಷದ್ವೀಪದ್ದು, ಶೇ 90.33. ಅಲ್ಲಿರುವುದು ಬಹುಪಾಲು ತೆಂಗು. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಸಾಕು, ಮರ ಯಾವುದು, ಜಮೀನು ಯಾರದು ಎಂದು ಆ ವರದಿ ಕೇಳುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅರ್ಧ ಹೆಕ್ಟೇರನ್ನೂ ಒಪ್ಪುತ್ತದೆ, ಆದರೆ ಹಣ್ಣಿನ ತೋಟ, ತಾಳೆ ಎಣ್ಣೆಯ ತೋಟಗಳನ್ನು ಹೊರಗಿಡುತ್ತದೆ. ಎರಡೂ ತಪ್ಪಲ್ಲ. ಒಂದು ವರ್ಷಕ್ಕೆ ಒಂದನ್ನು, ಮತ್ತೊಂದು ವರ್ಷಕ್ಕೆ ಇನ್ನೊಂದನ್ನು ಹಿಡಿದು ‘ಕಾಡು ಹೆಚ್ಚಿತು’ ಎನ್ನುವುದು ತಪ್ಪು.

ಕೆರಿಬಿಯನ್ ದ್ವೀಪ ಪೋರ್ಟೊರಿಕೊವನ್ನು ಪುಟ್ಟದೆನ್ನಲಾಗದು, ಆದರೂ ಅದರ ಕಥೆ ಇಲ್ಲಿ ಹೇಳಲೇಬೇಕು. 1940ರ ದಶಕದಲ್ಲಿ ಶೇ 6ರ ಆಸುಪಾಸಿಗೆ ಕುಸಿದಿದ್ದ ಕಾಡು ಈಗ ಅರ್ಧಕ್ಕಿಂತ ಹೆಚ್ಚು ನೆಲವನ್ನು ಆವರಿಸಿದೆ. ಜನ ಬೇಸಾಯ ಬಿಟ್ಟರು, ಪಾಳುಬಿದ್ದ ಹೊಲ-ಹುಲ್ಲುಗಾವಲುಗಳಲ್ಲಿ ಮರ ಎದ್ದಿತು. ಹಾಗೆ ಎದ್ದದ್ದರಲ್ಲಿ ಆಫ್ರಿಕಾ ಮೂಲದ ನೀರುಕಾಯಿ ಮರದ್ದು ದೊಡ್ಡ ಪಾಲು. ಉಪಗ್ರಹಕ್ಕೆ ಎಲ್ಲವೂ ಹಸಿರೇ.

ಚಂಡಮಾರುತದ ಮಾತು ಬೇರೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಅಪ್ಪಳಿಸಿದ ಮೇಲೆ ಡೊಮಿನಿಕಾ ದ್ವೀಪ ಚಿತ್ರಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಬಿದ್ದ ಮರಗಳು ಸಾಕಷ್ಟಿದ್ದವು ನಿಜ, ಆದರೆ ಎಲೆ ಮಾತ್ರ ಉದುರಿಸಿಕೊಂಡು ನಿಂತವೂ ಇದ್ದವು. ಅಂಥ ವಾರದ ಚಿತ್ರವೊಂದು ಹೋಲಿಕೆಗೆ ಸಿಕ್ಕಿಬಿಟ್ಟರೆ ಮುಗಿಯಿತು.

ಪರ್ಸೆಂಟ್‌ನಲ್ಲಿ ಇನ್ನೊಂದು ಮೋಸವಿದೆ. ಮಾಲ್ಡೀವ್ಸ್‌ನಲ್ಲಿ ಲಗೂನಿಗೆ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿಗೆ, ಮರಳು ತುಂಬಿ ದ್ವೀಪಗಳನ್ನು ಹಿಗ್ಗಿಸುತ್ತಾರೆ. ನೆಲ ಹೆಚ್ಚಿದಂತೆ, ಒಂದು ಮರವನ್ನೂ ಕಡಿಯದೆ, ಕಾಡಿನ ಶೇಕಡಾವಾರು ಇಳಿಯುತ್ತದೆ!

ಆದ್ದರಿಂದ ಇಂಥ ಪಟ್ಟಿ ಅಚ್ಚು ಮಾಡುವಾಗ ಪರ್ಸೆಂಟ್ ಪಕ್ಕದಲ್ಲಿ ಹೆಕ್ಟೇರ್ ಲೆಕ್ಕವನ್ನೂ, ಕೆಳಗೆ ಸಣ್ಣಕ್ಷರದಲ್ಲಾದರೂ ಚಿತ್ರ ತೆಗೆದ ತಿಂಗಳು, ಪಿಕ್ಸೆಲ್ ಅಳತೆ, ಕಾಡಿನ ವ್ಯಾಖ್ಯೆಯನ್ನೂ ಕೊಡಿ. ಎರಡು ಸಾಲಿನ ಜಾಗ ಸಾಕು. ಒಂದು ಹೆಕ್ಟೇರಿಗಿಂತ ಕಡಿಮೆ ವ್ಯತ್ಯಾಸವಿರುವ ದ್ವೀಪಗಳ ಮುಂದೆ ಏರಿಕೆ-ಇಳಿಕೆಯ ಬಾಣ ಹಾಕದಿದ್ದರೆ ಇನ್ನೂ ಒಳ್ಳೆಯದು.

ಇತಿ,
ಓರ್ವ ಓದುಗ