ಕಸಾಲೆಯಲ್ಲಿ ‘ಮೊದಲು ಒಲೆ ನೋಡಿ’ ಎಂದವರಿಗೆ

ಇಟಲಿಯ ಸಿಸಿಲಿ ದ್ವೀಪದ ಪಿಯಾತ್ಸಾ ಆರ್ಮೆರಿನಾ ಊರಾಚೆ, ನೆಲದ ತುಂಬ ಕಲ್ಲುಚೂರುಗಳ ಮೊಸಾಯಿಕ್ ಚಿತ್ರಗಳಿರುವ ಹಳೆಯ ರೋಮನ್ ಬಂಗಲೆ ವಿಲ್ಲಾ ರೋಮಾನಾ ದೆಲ್ ಕಸಾಲೆಯಲ್ಲಿ ‘ಚಿತ್ರ ಆಮೇಲೆ, ಮೊದಲು ಒಲೆ ನೋಡಿ’ ಎಂದ ಕಾವಲುಗಾರರೇ, ನಿಮ್ಮ ಹೆಸರು ಕೇಳುವುದು ಮರೆತೇಹೋಯಿತು. ತುಂಬಾ ಧನ್ಯವಾದ.

ಹೊರಗೋಡೆಯ ಒಲೆಬಾಯಿಗಳನ್ನು ನೋಡಿಕೊಂಡು ಹೋದರೇನೇ 4ನೇ ಶತಮಾನದ ಆ ಬಂಗಲೆಯ ಸ್ನಾನಗೃಹ ಅರ್ಥವಾಗುವುದು. ನಮ್ಮ ಬಚ್ಚಲ ಹಂಡೆಯಂತೆ ಬೆಂಕಿ ಹೊರಗಿನಿಂದ. ಆದರೆ ಕಾಯುತ್ತಿದ್ದುದು ನೀರಷ್ಟೇ ಅಲ್ಲ, ನೆಲವೂ. ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ನೆಲ. ಅದರಡಿ ಹರಿದ ಬಿಸಿಗಾಳಿ ಗೋಡೆಯೊಳಗಿನ ಮಣ್ಣಿನ ಕೊಳವೆಗಳಲ್ಲಿ ಮೇಲೇರುತ್ತಿತ್ತು. ಚಿತ್ರಗಳಿಗೇ ನೇರ ಓಡಿದವರಿಗೆ ಇದು ಬರೀ ಇಟ್ಟಿಗೆ ರಾಶಿ.

ಬಿಕಿನಿಯಂಥ ಉಡುಪಿನಲ್ಲಿ ಆಟವಾಡುವ ಹುಡುಗಿಯರ ನೆಲಚಿತ್ರವಿರುವ ಕೋಣೆಯಲ್ಲಿ ಎಲ್ಲರ ಕಣ್ಣು ಡಂಬಲ್ಸ್ ಹಿಡಿದವಳ ಮೇಲೆ. ನೀವು ತೋರಿಸಿದ್ದು ಮೂಲೆಯನ್ನು: ಮೇಲಿನ ಪದರ ಕಿತ್ತುಹೋಗಿ, ಅಡಿಯಲ್ಲಿ ಹಳೆಯ ರೇಖಾವಿನ್ಯಾಸದ ನೆಲ ಇಣುಕುತ್ತದೆ. ಅಂದರೆ ಹುಡುಗಿಯರು ಬಂದದ್ದು ಆಮೇಲೆ!

ಕಾಡುಪ್ರಾಣಿಗಳನ್ನು ಹಿಡಿಯುವ ‘ಮಹಾಬೇಟೆ’ ಎಂಬ ನೆಲಚಿತ್ರದ ಮೊಗಸಾಲೆ 60 ಮೀಟರಿಗೂ ಉದ್ದ. ಎತ್ತರದ ಕಾಲುದಾರಿಯಲ್ಲಿ ಹಿಂದಿನವರು ತಳ್ಳುತ್ತಾರೆ, ಸುಮ್ಮನೆ ನಡೆದುಬಿಟ್ಟರೆ ಕೊನೆಯ ಅರ್ಧವೃತ್ತ ತಪ್ಪಿಹೋಗುತ್ತದೆ. ಅಲ್ಲಿ ದಂತ ಹಿಡಿದ ಹೆಣ್ಣು, ಒಂದು ಪಕ್ಕ ಆನೆ, ಇನ್ನೊಂದು ಪಕ್ಕ ಹುಲಿ. ಅವಳು ಹೆಣ್ಣಿನ ರೂಪದಲ್ಲಿ ಬಿಡಿಸಿದ ಇಂಡಿಯಾ ಎನ್ನುವ ವಿದ್ವಾಂಸರಿದ್ದಾರೆ, ಆಫ್ರಿಕಾ ಎನ್ನುವವರೂ ಇದ್ದಾರೆ. ಹುಲಿಯನ್ನು ಕಂಡಮೇಲೆ ನಮ್ಮ ಓಟು ಇಂಡಿಯಾಕ್ಕೇ.

ಇಷ್ಟೆಲ್ಲ ಉಳಿದದ್ದು 12ನೇ ಶತಮಾನದ ಭೂಕುಸಿತದ ಕೆಸರಿನಿಂದ ಎಂದು, ಅಂಗೈಯಿಂದ ಅಂಗೈ ಮುಚ್ಚಿ ತೋರಿಸಿದಿರಲ್ಲ, ಅದಕ್ಕೆ ಭಾಷೆಯೇ ಬೇಕಾಗಲಿಲ್ಲ.