ಗೆಳೆಯನಿಗೊಂದು ಪತ್ರ: ಈ ಸಲ ಕಾಂಗೋ ಕಡೆಯ ಸಿನಿಮಾ ತೋರಿಸು

ಪ್ರೀತಿಯ ಗೆಳೆಯ,

ನಿಮ್ಮ ಚಿತ್ರಸಮಾಜದಲ್ಲಿ ಈ ವರ್ಷ ಯಾವ ಕಡೆಯ ಸಿನಿಮಾ ತೋರಿಸೋಣ ಎಂದು ನೀನು ಕೇಳಿದ್ದೆ. ಇರಾನ್ ಆಯಿತು, ಕೊರಿಯಾ ಆಯಿತು, ಪೋಲೆಂಡ್ ಕೂಡ ಆಯಿತು ಅಂದಿದ್ದೆ. ಚೆನ್ನಾಗಿ ಯೋಚನೆ ಮಾಡಿಯೇ ಹೇಳುತ್ತಿದ್ದೇನೆ, ಮಧ್ಯ ಆಫ್ರಿಕಾದ ಸಿನಿಮಾ ತೋರಿಸು. ಕಾಂಗೋ, ಕ್ಯಾಮರೂನ್, ಚಾಡ್, ಅಂಗೋಲಾ. ಯಾಕೆ ಅಂತ ಬರೆಯುತ್ತೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು.

ಇಲ್ಲಿ ಬ್ರಸೆಲ್ಸ್‌ನಲ್ಲಿ ಮತೊಂಗೆ ಅಂತ ಒಂದು ಕೇರಿ ಇದೆ. ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿರುವ ಮತೊಂಗೆಯ ಹೆಸರೇ ಇದಕ್ಕೂ ಬಂದಿದೆ. ಕೂದಲು ಹೆಣೆಯುವ ಸಲೂನು, ಬಣ್ಣಬಣ್ಣದ ಬಟ್ಟೆಯ ಅಂಗಡಿ, ಮರಗೆಣಸಿನ ಹಿಟ್ಟು ಮಾರುವ ಅಂಗಡಿ, ಎಲ್ಲ ಒತ್ತೊತ್ತಾಗಿ ಇವೆ. ಅದರ ಹತ್ತಿರದ ಒಂದು ಸಣ್ಣ ಸಭಾಂಗಣದಲ್ಲಿ ಮಧ್ಯ ಆಫ್ರಿಕಾದ ಮಂದಿಯೇ ಸೇರಿ ಚಿತ್ರೋತ್ಸವ ಮಾಡಿದರು. ದೊಡ್ಡ ಪ್ರಾಯೋಜಕರು ಯಾರೂ ಇರಲಿಲ್ಲ. ಚರ್ಚಿನ ಗೆಳೆಯರು, ಅಕ್ಕಪಕ್ಕದ ಅಂಗಡಿಯವರು, ಕಾಲೇಜು ಓದುವ ಹುಡುಗ ಹುಡುಗಿಯರು ಸೇರಿ ಮಾಡಿದ್ದು. ಪ್ರತಿ ಸಿನಿಮಾ ಆದಮೇಲೆ ಮಾತು, ಮಾತಾದಮೇಲೆ ಊಟ. ರಾತ್ರಿ ಹಾಡು, ಕುಣಿತ.

ಬೆಲ್ಜಿಯಂನಲ್ಲಿ ಇಂಥದ್ದು ನಡೆಯುವುದು ಸಣ್ಣ ವಿಷಯ ಅಲ್ಲ ಮಾರಾಯ. ಕಾಂಗೋ 1885ರಿಂದ 1908ರವರೆಗೆ ಇಲ್ಲಿನ ರಾಜ ಎರಡನೇ ಲಿಯೊಪೋಲ್ಡನ ಸ್ವಂತ ಆಸ್ತಿಯಾಗಿತ್ತು. ರಬ್ಬರಿಗಾಗಿ ಅಲ್ಲಿ ನಡೆದ ಕ್ರೌರ್ಯ, ಕತ್ತರಿಸಿದ ಕೈಗಳ ಫೋಟೊ, ಇವೆಲ್ಲ ನೀನೂ ಓದಿರುತ್ತೀಯ. 1897ರಲ್ಲಿ ಒಂದು ಪ್ರದರ್ಶನಕ್ಕಾಗಿ ಕಾಂಗೋದಿಂದ 267 ಜನರನ್ನು ಹಡಗಿನಲ್ಲಿ ಕರೆತಂದು, ಬ್ರಸೆಲ್ಸ್ ಪಕ್ಕದ ಟೆರ್ವುರೆನ್ ಉದ್ಯಾನದಲ್ಲಿ ಗುಡಿಸಲು ಕಟ್ಟಿ, ನೋಡುಗರ ಮುಂದೆ ಇಟ್ಟಿದ್ದರು. ಅವರಲ್ಲಿ ಏಳು ಜನ ಇಲ್ಲಿಯೇ ತೀರಿಕೊಂಡರು. ಅವರ ಸಮಾಧಿಗಳು ಟೆರ್ವುರೆನ್ನಿನ ಚರ್ಚಿನ ಪಕ್ಕದಲ್ಲಿ ಇವತ್ತಿಗೂ ಇವೆ. ಅಂಥ ಊರಿನಲ್ಲಿ ಅವರ ಮೊಮ್ಮಕ್ಕಳ ಕಾಲದವರು ತಮ್ಮ ಚರಿತ್ರೆಯನ್ನು ತಾವೇ ಆರಿಸಿ, ತಾವೇ ತೋರಿಸಿ, ತಾವೇ ಅದರ ಬಗ್ಗೆ ಮಾತಾಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಸಿನಿಮಾದ ಮಟ್ಟಿಗೂ ಅವರಿಗೆ ಈ ಹಕ್ಕು ಸುಲಭವಾಗಿ ಸಿಕ್ಕಿದ್ದಲ್ಲ. ಬೆಲ್ಜಿಯಂ ಆಳುತ್ತಿದ್ದಾಗ ಕಾಂಗೋ ಜನರಿಗೆ ಅಂತಲೇ ಬೇರೆ ಸಿನಿಮಾ ತಯಾರಾಗುತ್ತಿತ್ತು. ಸರ್ಕಾರದವರು ತೆಗೆಯುತ್ತಿದ್ದರು, ಪಾದ್ರಿಗಳು ತೆಗೆಯುತ್ತಿದ್ದರು. ಸಾಮಾನ್ಯ ಸಿನಿಮಾ ಇವರಿಗೆ ಅರ್ಥವಾಗುವುದಿಲ್ಲ ಎಂಬ ನಂಬಿಕೆ. ಫ್ರೆಂಚರ ವಸಾಹತುಗಳಲ್ಲಿ 1934ರಲ್ಲಿ ಲವಾಲ್ ಆದೇಶ ಬಂತು. ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಯಾರೂ ಚಿತ್ರೀಕರಣ ಮಾಡುವಂತಿರಲಿಲ್ಲ. ಹಾಗಾಗಿ ಎಷ್ಟೋ ಕಾಲ ಆ ಜನ ಪರದೆಯ ಮೇಲೆ ಇದ್ದರು, ಕ್ಯಾಮೆರಾದ ಹಿಂದೆ ಇರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಾನು ಹೇಳುವ ಸಿನಿಮಾಗಳನ್ನು ನೋಡು.

ನನ್ನನ್ನು ಬಹಳ ಅಲುಗಾಡಿಸಿದ್ದು ಕಾಂಗೋದ ಡ್ಯೂಡೊ ಹಮಾದಿ ಅವರ ಸಾಕ್ಷ್ಯಚಿತ್ರ. ಫ್ರೆಂಚ್ ಹೆಸರು 'ಆನ್ ರೂಟ್ ಪೂರ್ ಲ ಮಿಲ್ಯಾರ್', ಇಂಗ್ಲಿಷಿನಲ್ಲಿ 'ಡೌನ್‌ಸ್ಟ್ರೀಮ್ ಟು ಕಿನ್ಶಾಸಾ'. 2020ರಲ್ಲಿ ಕಾನ್ ಚಿತ್ರೋತ್ಸವದ ಅಧಿಕೃತ ಪಟ್ಟಿಗೆ ಸೇರಿದ ಮೊದಲ ಕಾಂಗೋ ಸಿನಿಮಾ ಅದು. ಕತೆ ಹೀಗೆ. 2000ನೇ ಇಸವಿ ಜೂನ್ ತಿಂಗಳಲ್ಲಿ ಉಗಾಂಡಾ ಸೇನೆಯೂ ರುವಾಂಡಾ ಸೇನೆಯೂ ಕಾಂಗೋದ ಕಿಸಂಗಾನಿ ನಗರದಲ್ಲಿ ಆರು ದಿನ ಹೊಡೆದಾಡಿದವು. ಪರದೇಶದ ಎರಡು ಸೇನೆಗಳು, ಜಗಳವಾಡಿದ್ದು ಮೂರನೆಯವರ ಊರಿನಲ್ಲಿ. ಸಾವಿರಾರು ಶೆಲ್‌ಗಳು ಮನೆಗಳ ಮೇಲೆ ಬಿದ್ದವು. ನೂರಾರು ಜನ ಸತ್ತರು, ಇನ್ನೆಷ್ಟೋ ಮಂದಿ ಕೈಕಾಲು ಕಳೆದುಕೊಂಡರು. 2005ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ, ಉಗಾಂಡಾ ಪರಿಹಾರ ಕೊಡಬೇಕು ಎಂದು ತೀರ್ಪು ಕೊಟ್ಟಿತು. ವರ್ಷಗಳು ಹೋದವು, ಸಂತ್ರಸ್ತರಿಗೆ ಬಿಡಿಗಾಸೂ ಬರಲಿಲ್ಲ.

ಆಗ ಗಾಯಗೊಂಡವರಲ್ಲಿ ಕೆಲವರು ರಾಜಧಾನಿಗೇ ಹೋಗಿ ಕೇಳೋಣ ಎಂದು ಹೊರಡುತ್ತಾರೆ. ಕಿಸಂಗಾನಿಯಿಂದ ಕಿನ್ಶಾಸಾಕ್ಕೆ ನದಿಯಲ್ಲಿ ಸುಮಾರು 1,700 ಕಿಲೋಮೀಟರ್. ಊರುಗೋಲು ಹಿಡಿದವರು, ಭಾರದ ಕೃತಕ ಕಾಲು ಕಟ್ಟಿಕೊಂಡವರು, ಜನ ತುಂಬಿ ತುಳುಕುವ ದೋಣಿ ಹತ್ತುತ್ತಾರೆ. ಮೇಲೆ ಟಾರ್ಪಾಲು, ಮಳೆ ಬಂದರೆ ಎಲ್ಲರೂ ಸೇರಿ ಅದನ್ನು ಎತ್ತಿ ಹಿಡಿಯಬೇಕು. ಅಲ್ಲಿಯೇ ಅಡುಗೆ, ಅಲ್ಲಿಯೇ ಜಗಳ, ಅಲ್ಲಿಯೇ ಹಾಡು. ಕಿನ್ಶಾಸಾ ಮುಟ್ಟಿದ ಮೇಲೆ ಸಂಸತ್ತಿನ ಬಾಗಿಲಲ್ಲಿ ಅವರಿಗೆ ಸಿಗುವ ಮರ್ಯಾದೆ ಎಂಥದ್ದು ಅಂತ ನೀನೇ ನೋಡು. ನಿರ್ದೇಶಕರು ಎಲ್ಲಿಯೂ ಅವರನ್ನು ಅಯ್ಯೋ ಪಾಪ ಎನ್ನುವ ಹಾಗೆ ತೋರಿಸಿಲ್ಲ. ನಡುನಡುವೆ ಅದೇ ಜನ ರಂಗದ ಮೇಲೆ ನಿಂತು ತಮ್ಮ ಕತೆಯನ್ನು ನಾಟಕವಾಗಿ ಆಡುವ ದೃಶ್ಯಗಳಿವೆ. ರಂಗಭೂಮಿಯಲ್ಲಿ ಕೆಲಸ ಮಾಡಿದವನು ನೀನು, ನಿನಗೆ ಅವು ನನಗಿಂತ ಜಾಸ್ತಿ ತಟ್ಟುತ್ತವೆ.

ಸಿನಿಮಾ ಮುಗಿದ ಮೇಲೆ ನಮ್ಮ ಸಭಾಂಗಣದಲ್ಲಿ ಒಬ್ಬ ಹಿರಿಯ ಹೆಂಗಸು ಎದ್ದು ನಿಂತರು. ಆ ಆರು ದಿನ ಕಿಸಂಗಾನಿಯಲ್ಲಿ ಇದ್ದವರು. ಅವರು ಯುದ್ಧದ ಬಗ್ಗೆ ಜಾಸ್ತಿ ಏನೂ ಹೇಳಲಿಲ್ಲ. ದೋಣಿಯ ಮೇಲೆ ಜನ ಹೇಗೆ ಅಡುಗೆ ಹಂಚಿಕೊಳ್ಳುತ್ತಾರೆ, ಯಾವ ಊರಿನ ದಡದಲ್ಲಿ ಯಾವ ಮೀನು ಮಾರಲು ಬರುತ್ತದೆ ಅಂತ ಹೇಳಿದರು. ಹಿಂದೆ ಕೂತ ಹುಡುಗನೊಬ್ಬ ತನ್ನ ತಾಯಿ ಇದನ್ನೆಲ್ಲ ಯಾಕೆ ಮನೆಯಲ್ಲಿ ಹೇಳಲೇ ಇಲ್ಲ ಎಂದು ಕೇಳಿದ. ತಾಯಿ ಅವನ ಪಕ್ಕದಲ್ಲೇ ಕೂತಿದ್ದರು. ಮಾತು ಫ್ರೆಂಚಿನಿಂದ ಲಿಂಗಾಲಕ್ಕೆ, ಲಿಂಗಾಲದಿಂದ ಸ್ವಾಹಿಲಿಗೆ ಹೊರಳುತ್ತಾ ಹೋಯಿತು. ನನ್ನ ಪಕ್ಕದವರು ಪಾಪ, ತಾಳ್ಮೆಯಿಂದ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಈ ಚಿತ್ರವನ್ನು ನಾನೊಬ್ಬನೇ ಮನೆಯಲ್ಲಿ ಕೂತು ನೋಡಿದ್ದರೆ ಅದೊಂದು ಒಳ್ಳೆಯ ಸಾಕ್ಷ್ಯಚಿತ್ರ ಅಂದುಕೊಂಡು ಮಲಗಿಬಿಡುತ್ತಿದ್ದೆ. ಅವರ ನಡುವೆ ಕೂತು ನೋಡಿದ್ದರಿಂದಲೇ ಅದು ನನ್ನೊಳಗೆ ಇಳಿಯಿತು.

ಒಂದು ಮಾತು ಸೇರಿಸಬೇಕು. 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಉಗಾಂಡಾ 32.5 ಕೋಟಿ ಡಾಲರ್ ಕೊಡಬೇಕೆಂದು ಮೊತ್ತ ನಿಗದಿ ಮಾಡಿತು. ಐದು ಕಂತುಗಳಲ್ಲಿ. ನೀನು ಚಿತ್ರ ತೋರಿಸುವಾಗ ಇದನ್ನೂ ಜನರಿಗೆ ಹೇಳು.

ಹಳೆಯ ಚಿತ್ರಗಳಲ್ಲಿ 'ಸಾಂಬಿಜಾಂಗಾ' ಬಿಡಬೇಡ. ಸಾರಾ ಮಾಲ್ಡೊರೊರ್ 1972ರಲ್ಲಿ ಮಾಡಿದ್ದು. ಅಂಗೋಲಾ ಆಗ ಇನ್ನೂ ಪೋರ್ಚುಗಲ್ ಕೈಯಲ್ಲಿತ್ತು. ಅಲ್ಲಿ ಚಿತ್ರೀಕರಣ ಸಾಧ್ಯವೇ ಇರಲಿಲ್ಲ, ಪಕ್ಕದ ಕಾಂಗೋ ಗಣರಾಜ್ಯಕ್ಕೆ (ಕಿನ್ಶಾಸಾದ ಕಾಂಗೋ ಅಲ್ಲ, ಫ್ರೆಂಚರು ಆಳಿದ್ದ ಇನ್ನೊಂದು ಕಾಂಗೋ) ಹೋಗಿ ತೆಗೆದರು. ನಟಿಸಿದವರಲ್ಲಿ ವಿಮೋಚನಾ ಹೋರಾಟದವರೇ ಇದ್ದರು. ಗಂಡನನ್ನು ಪೊಲೀಸರು ಎಳೆದೊಯ್ದ ಮೇಲೆ ಮರಿಯಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಠಾಣೆಯಿಂದ ಇನ್ನೊಂದಕ್ಕೆ, ಒಂದು ಜೈಲಿನಿಂದ ಇನ್ನೊಂದಕ್ಕೆ ನಡೆಯುತ್ತಾಳೆ. ಸಿನಿಮಾದ ತುಂಬ ಅವಳ ನಡಿಗೆ. ಚಳವಳಿಯ ಸಿನಿಮಾ ಅಂದರೆ ಭಾಷಣ ಜಾಸ್ತಿ ಇರುತ್ತದೆ ಅನ್ನುವವರಿಗೆ ಇದನ್ನು ತೋರಿಸಬೇಕು. 2021ರಲ್ಲಿ ಪ್ರತಿಯನ್ನು ಸರಿಪಡಿಸಿ ಹೊಸದಾಗಿ ಬಿಟ್ಟಿದ್ದಾರೆ, ಬಣ್ಣಗಳು ಕಣ್ಣಿಗೆ ಹಬ್ಬ.

ಕ್ಯಾಮರೂನಿನ 'ಮುನಾ ಮೊಟೊ' 1975ರದ್ದು, ಜ್ಯಾಂ-ಪಿಯರ್ ದಿಕೊಂಗೆ ಪಿಪಾ ಅವರದು. ಹುಡುಗ ಹುಡುಗಿ ಪ್ರೀತಿಸುತ್ತಾರೆ, ವಧುದಕ್ಷಿಣೆ ಕೊಡಲು ಹುಡುಗನ ಹತ್ತಿರ ಏನೂ ಇಲ್ಲ. ಸಹಾಯ ಕೇಳಲು ಹೋದರೆ ಚಿಕ್ಕಪ್ಪ, ಮಕ್ಕಳಿಲ್ಲದವನು, ಆ ಹುಡುಗಿಯನ್ನು ತಾನೇ ಮದುವೆಯಾಗುತ್ತಾನೆ. ನಮ್ಮೂರಿನ ಪ್ರೇಕ್ಷಕರಿಗೆ ಯಾವ ವಿವರಣೆಯೂ ಬೇಕಿಲ್ಲ ಅಲ್ವಾ? ಅದು 1976ರಲ್ಲಿ ಬುರ್ಕಿನಾ ಫಾಸೊ ದೇಶದ ಫೆಸ್ಪಾಕೊ ಎಂಬ ಆಫ್ರಿಕನ್ ಚಿತ್ರೋತ್ಸವದಲ್ಲಿ ಮೊದಲ ಬಹುಮಾನ ಗೆದ್ದ ಚಿತ್ರ.

ಬರೀ ನೋವಿನ ಚಿತ್ರಗಳನ್ನೇ ಸಾಲಾಗಿ ಇಡಬೇಡ. ಕಾಂಗೋ ಅಂದರೆ ಯುದ್ಧ, ಗಣಿ, ಕಾಡು ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲಿನವರ ದಿನ ಹಾಡಿಲ್ಲದೆ ಮುಗಿಯುವುದಿಲ್ಲ. 1987ರ 'ಲಾ ವಿ ಎ ಬೆಲ್' ಹಾಕು. ಹಳ್ಳಿಯಿಂದ ಕಿನ್ಶಾಸಾಕ್ಕೆ ಬಂದ ಸಂಗೀತಗಾರ ಮನೆಗೆಲಸದವನಾಗಿ ಸೇರಿಕೊಳ್ಳುತ್ತಾನೆ, ಧಣಿಗೆ ಇಷ್ಟವಾದ ಹುಡುಗಿಯೇ ಅವನಿಗೂ ಇಷ್ಟವಾಗುತ್ತಾಳೆ. ಆ ಪಾತ್ರ ಮಾಡಿದ್ದು ಹೆಸರಾಂತ ಗಾಯಕ ಪಾಪಾ ವೆಂಬಾ. ಇಲ್ಲಿ ಆ ಸಿನಿಮಾ ನಡೆಯುವಾಗ ಹಾಡು ಬಂದರೆ ಸಾಕು, ಇಡೀ ಸಭಾಂಗಣ ಜೊತೆಗೆ ಹಾಡುತ್ತಿತ್ತು. ಯಾರೂ ಸುಮ್ಮನಿರಿ ಅನ್ನಲಿಲ್ಲ. ಪಾಪಾ ವೆಂಬಾ 2016ರ ಏಪ್ರಿಲ್‌ನಲ್ಲಿ ಐವರಿ ಕೋಸ್ಟ್ ದೇಶದ ಆಬಿಜಾನ್‌ನ ವೇದಿಕೆಯ ಮೇಲೆ ಹಾಡುತ್ತಲೇ ಕುಸಿದು ತೀರಿಕೊಂಡರು. ಕಾಂಗೋದ ರುಂಬಾ ಸಂಗೀತ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಅದನ್ನು ಎರಡೂ ಕಾಂಗೋ ದೇಶಗಳು ಜೊತೆಯಾಗಿ ಕೇಳಿ ಪಡೆದವು. 1960ರಲ್ಲಿ ಸ್ವಾತಂತ್ರ್ಯದ ಮಾತುಕತೆ ಇದೇ ಬ್ರಸೆಲ್ಸ್‌ನಲ್ಲಿ ನಡೆಯುವಾಗ ಗ್ರಾಂ ಕಾಲೆ ಮತ್ತು ಅವರ ಆಫ್ರಿಕನ್ ಜಾಝ್ ತಂಡ ಇಲ್ಲಿಗೇ ಬಂದು ಸ್ವಾತಂತ್ರ್ಯದ ಹಾಡು ಕಟ್ಟಿತು. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಜನ ಅದಕ್ಕೆ ಕುಣಿದರು.

ಲುಮುಂಬಾ ಹೆಸರು ಪ್ರತಿ ಚರ್ಚೆಯಲ್ಲೂ ಬಂದೇ ಬಂತು. ಕಾಂಗೋದ ಮೊದಲ ಪ್ರಧಾನಿ, ಅವರನ್ನು 1961ರ ಜನವರಿ 17ರಂದು ಕೊಂದರು. ದೇಹವನ್ನು ಆಸಿಡ್‌ನಲ್ಲಿ ಕರಗಿಸಿದರು. ಆ ಕೆಲಸದಲ್ಲಿದ್ದ ಬೆಲ್ಜಿಯಂ ಪೊಲೀಸ್ ಅಧಿಕಾರಿ ಒಂದು ಹಲ್ಲನ್ನು ಇಟ್ಟುಕೊಂಡಿದ್ದ. ಅದನ್ನು ಕುಟುಂಬಕ್ಕೆ ಒಪ್ಪಿಸಿದ್ದು 2022ರ ಜೂನ್‌ನಲ್ಲಿ. ಮತೊಂಗೆಯ ಅಂಚಿನಲ್ಲಿ ಈಗ ಅವರ ಹೆಸರಿನ ಚೌಕ ಇದೆ, 2018ರಲ್ಲಿ ಆದದ್ದು. ಅದಕ್ಕಾಗಿ ಇಲ್ಲಿನ ಕಾಂಗೋ ಮಂದಿ ವರ್ಷಗಟ್ಟಲೆ ಹೋರಾಡಿದರು.

ಊಟದ ಹೊತ್ತಿನಲ್ಲಿ ಒಬ್ಬ ಅಜ್ಜ ನಾನು ಭಾರತದವನು ಅಂತ ತಿಳಿದು ಪಕ್ಕದಲ್ಲಿ ಬಂದು ಕೂತರು. ಕಾಂಗೋದ ಲುಬುಂಬಾಶಿಯವರು. ಅವರು ಹುಡುಗನಾಗಿದ್ದಾಗ ಆ ಊರಿಗೆ ಎಲಿಜಬೆತ್‌ವಿಲ್ ಎಂಬ ಹೆಸರು, ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರಿದ್ದರು. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರ್ 5ರಂದು ಮಡಿದದ್ದು ಅಲ್ಲಿಯೇ. ನಮ್ಮ ಪರಮವೀರ ಚಕ್ರದ ಪಟ್ಟಿಯಲ್ಲಿ ಹೆಸರು ಓದಿದ್ದೇವೆ, ಆ ಊರಿನವರ ಜೊತೆ ಕೂತು ಅದರ ಬಗ್ಗೆ ಮಾತಾಡುವುದೇ ಬೇರೆ. ತಟ್ಟೆಯಲ್ಲಿ ಮರಗೆಣಸಿನ ಎಲೆಯ ಪೊಂಡು, ಉಪ್ಪುಮೀನು, ಎಲೆಯಲ್ಲಿ ಸುತ್ತಿ ಬೇಯಿಸಿದ ಕ್ವಾಂಗಾ. ಕ್ವಾಂಗಾದ ಎಲೆ ಬಿಚ್ಚುವಾಗ ನಮ್ಮ ಮನೆಯ ಎಲೆಕಡುಬು ನೆನಪಾಯಿತು, ರುಚಿ ಮಾತ್ರ ಹುಳಿಹುಳಿ.

ಇಂಥ ಉತ್ಸವ ಇವರಿಗೆ ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅವರ ದೇಶಗಳಲ್ಲಿ ಟಾಕೀಸುಗಳೇ ಉಳಿದಿರಲಿಲ್ಲ. ಕಿನ್ಶಾಸಾದಲ್ಲಿ ಎಷ್ಟೋ ಟಾಕೀಸುಗಳು ಪ್ರಾರ್ಥನಾ ಮಂದಿರಗಳಾದವು. ಕ್ಯಾಮರೂನಿನಲ್ಲಿ 2009ರ ಹೊತ್ತಿಗೆ ಉಳಿದಿದ್ದ ದೊಡ್ಡ ಟಾಕೀಸುಗಳೂ ಮುಚ್ಚಿದವು. ಚಾಡ್‌ನ ಮಹಮತ್-ಸಾಲೆ ಹರೂನ್ 1999ರಲ್ಲಿ ಮಾಡಿದ 'ಬೈ ಬೈ ಆಫ್ರಿಕಾ' ಇದರ ಬಗ್ಗೆಯೇ ಇದೆ, ಹಾಳುಬಿದ್ದ ಟಾಕೀಸುಗಳ ನಡುವೆ ಓಡಾಡುವ ನಿರ್ದೇಶಕನ ಕತೆ. ಅದೇ ಚಾಡ್‌ನ ರಾಜಧಾನಿಯಲ್ಲಿ ನಾರ್ಮಂಡಿ ಟಾಕೀಸು 2011ರಲ್ಲಿ ಮತ್ತೆ ಬಾಗಿಲು ತೆರೆಯಿತು. ಹರೂನ್ ಬಾಲ್ಯದಲ್ಲಿ ನೋಡಿದ ಮೊದಲ ಸಿನಿಮಾ ಭಾರತದ್ದು, ತೆರೆಯ ತುಂಬ ನಗುವ ಒಬ್ಬ ಹೆಣ್ಣಿನ ಮುಖ ತನ್ನ ಮನಸ್ಸಿನಲ್ಲಿ ಉಳಿಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಟಾಕೀಸು ಇಲ್ಲದ ಕಾಲದಲ್ಲೂ ಜನ ಕೈಕಟ್ಟಿ ಕೂರಲಿಲ್ಲ. ಕ್ಯಾಮರೂನಿನ ಯಾವುಂಡೆ ನಗರದಲ್ಲಿ ಬಾಸೆಕ್ ಬಾ ಕೊಭಿಯೊ 1997ರಲ್ಲಿ 'ಎಕ್ರಾನ್ ನ್ವಾರ್' ಉತ್ಸವ ಶುರು ಮಾಡಿದರು. ಕಾಂಗೋದ ಗೋಮಾ ನಗರದಲ್ಲಿ 'ಯೋಲೆ ಆಫ್ರಿಕಾ' ಕೇಂದ್ರದವರು ಯುದ್ಧದ ಪಕ್ಕದಲ್ಲೇ ಹುಡುಗರಿಗೆ ಕ್ಯಾಮೆರಾ ಕಲಿಸಿ ಉತ್ಸವ ನಡೆಸಿದ್ದಾರೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ 2009ರಲ್ಲಿ 'ಕಾಂಗೋ ಇನ್ ಹಾರ್ಲೆಮ್' ಶುರುವಾಯಿತು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂನವರು ಜಗತ್ತಿನ ಸಿನಿಮಾ ತೋರಿಸಿ, ಊರವರೊಂದಿಗೆ ಕೂತು ಮಾತಾಡಿದ್ದನ್ನು ಹತ್ತಿರದಿಂದ ಬಲ್ಲವನು ನೀನು, ನಿನಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ಒಂದು ವಿಷಯದಲ್ಲಿ ಹಟ ಮಾಡುತ್ತೇನೆ. ಬೆಂಗಳೂರಿನ ಕಾಲೇಜುಗಳಲ್ಲಿ ಕಾಂಗೋದ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ. ಅವರನ್ನು ಕೊನೆಯ ದಿನ ಕುಣಿಯಲು ಮಾತ್ರ ಕರೆಯಬೇಡ. ಈಗಲೇ ಕರೆ. ಪಟ್ಟಿ ಮಾಡುವಾಗಲೇ ಅವರು ಕೂತಿರಲಿ. ನಾನು ಹೇಳಿದ ಸಿನಿಮಾ ಬೇಡ, ಬೇರೆಯದು ಹಾಕಿ ಅಂದರೆ ಅವರ ಮಾತೇ ನಡೆಯಲಿ. ಅವರ ಬಗ್ಗೆ ನಮ್ಮ ನಗರದಲ್ಲಿ ಜನ ಏನೇನು ಮಾತಾಡುತ್ತಾರೆ, ಬಾಡಿಗೆ ಮನೆ ಹುಡುಕುವಾಗ ಅವರಿಗೆ ಏನಾಗುತ್ತದೆ ಅಂತ ನಿನಗೆ ಗೊತ್ತು. ಅವರು ಮೈಕ್ ಹಿಡಿದು ತಮ್ಮ ಊರಿನ ಬಗ್ಗೆ ಮಾತಾಡುವುದನ್ನು ನಮ್ಮವರು ಒಂದು ಸಂಜೆಯಾದರೂ ಕೂತು ಕೇಳಲಿ.

ದಿನಕ್ಕೆ ಎರಡು ಸಿನಿಮಾ ಸಾಕು, ಪ್ರತಿ ಸಿನಿಮಾ ಆದಮೇಲೆ ಮಾತಿಗೆ ಒಂದು ಗಂಟೆ ಬಿಡು. ಹಕ್ಕಿನ ಹಣ ಕೊಟ್ಟೇ ತೋರಿಸು. ಈ ನಿರ್ದೇಶಕರಿಗೆ ಒಂದೊಂದು ಪ್ರದರ್ಶನದ ದುಡ್ಡೂ ಮುಖ್ಯ. ವಿತರಕರಿಗೆ ಪತ್ರ ಬರೆಯುವುದು, ಫ್ರೆಂಚಿನಲ್ಲಿ ಮಾತಾಡುವುದು ನನಗೆ ಬಿಡು, ಇಲ್ಲಿನ ಗೆಳೆಯರು ಸಹಾಯ ಮಾಡುತ್ತೇವೆ ಅಂದಿದ್ದಾರೆ. ಕನ್ನಡ ಸಬ್‌ಟೈಟಲ್ ನಾವಿಬ್ಬರೂ ಹಂಚಿಕೊಂಡು ಮಾಡೋಣ. 'ಸಾಂಬಿಜಾಂಗಾ' ನಾನು ಶುರು ಮಾಡಿದ್ದೇನೆ. ಸಭಾಂಗಣ ಯಾವ ತಿಂಗಳು ಖಾಲಿ ಇದೆ ಅಂತ ಕೇಳಿ ಈ ವಾರವೇ ಬರೆ. ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ಹೇಳು.

ನಿನ್ನ ಗೆಳೆಯ,
ಬ್ರಸೆಲ್ಸ್‌ನಿಂದ